ಅತಿದಾಹ

ಎಷ್ಟು ನೀರು ಕುಡಿದರೂ ತಣಿಯದೆ ಹಗಲಿರುಳು ಕಾಡುವ ಬಾಯಾರಿಕೆ. ಬಿಸಿಲು, ದುಡಿಮೆ, ಉಪ್ಪುಖಾರದ ಊಟದಿಂದಾದ ದಾಹ ಒಂದೆರಡು ಲೋಟ ನೀರಿಗೆ ಅಡಗುತ್ತದೆ, ಇದು ಅಡಗುವುದಿಲ್ಲ. ಬಾಯಿ ಒಣಗುವುದು, ದಿನಕ್ಕೆ 3 ಲೀಟರಿಗೂ ಮೀರಿ ಮೂತ್ರ ಹೋಗುವುದು, ಅದಕ್ಕಾಗಿ ರಾತ್ರಿ ಮತ್ತೆ ಮತ್ತೆ ಏಳುವುದು, ಸುಸ್ತು ಇದರ ಜೊತೆಗಿರುವ ಲಕ್ಷಣಗಳು. ಹೆಚ್ಚು ಕುಡಿಯುವುದರಿಂದ ಹೆಚ್ಚು ಮೂತ್ರವೋ, ಹೆಚ್ಚು ಮೂತ್ರ ಹೋಗುವುದರಿಂದ ದಾಹವೋ ಎಂಬುದು ಈ ರೋಗಲಕ್ಷಣದ ಚರಿತ್ರೆಯ ಮುಖ್ಯ ಪ್ರಶ್ನೆ.

ಆಯುರ್ವೇದವು ದಾಹವನ್ನೇ ತೃಷ್ಣಾ ಎಂಬ ವ್ಯಾಧಿಯಾಗಿ ಎಣಿಸಿತು. ಚರಕಸಂಹಿತೆ ಅದರಲ್ಲಿ 5 ಬಗೆ ಹೇಳಿದರೆ ಸುಶ್ರುತಸಂಹಿತೆ 7 ಬಗೆ ಹೇಳುತ್ತದೆ. ಮಧುಮೇಹವನ್ನು ಎರಡೂ ಪ್ರಮೇಹಗಳ, ಅಂದರೆ ಮೂತ್ರ ಕೆಡುವ ರೋಗಗಳ, ಸಾಲಿನಲ್ಲಿ ಬೇರೆಯಾಗಿ ವಿವರಿಸುತ್ತವೆ. ಕ್ರಿ.ಶ. 2ನೆಯ ಶತಮಾನದ ಸುಮಾರಿಗೆ ಕಪ್ಪಡೋಸಿಯದ ಗ್ರೀಕ್ ವೈದ್ಯ ಅರೆಟೇಯಸ್, ಮಧುಮೇಹ ರೋಗಿಯ ಮೈಮಾಂಸವೇ ಕರಗಿ ಮೂತ್ರವಾಗಿ ಹೋಗುತ್ತದೆಂದು ಬರೆದ. ನೀರು ನಿಲ್ಲಿಸಿದರೆ ಬಾಯಿಯೂ ಮೈಯೂ ಬತ್ತಿಹೋಗುವುದನ್ನು ಅವನು ಗಮನಿಸಿದ್ದ. ಮೇಲಿನ ಪ್ರಶ್ನೆಗೆ ಉತ್ತರದ ಸುಳಿವು ಇದ್ದದ್ದು ಆ ಒಂದು ಮಾತಿನಲ್ಲೇ.

1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇಂಥ ರೋಗಿಗಳ ಮೂತ್ರದ ಸಿಹಿಯನ್ನು ದಾಖಲಿಸಿದ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಇಂಗಿಸಿ ಸಕ್ಕರೆಯನ್ನೇ ತೆಗೆದು ತೋರಿಸಿದ. ಸಿಹಿಯಿಲ್ಲದ ಅತಿಮೂತ್ರ ಬೇರೆಯೇ ರೋಗವೆಂದು 1794ರಲ್ಲಿ ಯೊಹಾನ್ ಪೀಟರ್ ಫ್ರಾಂಕ್ ವಿಂಗಡಿಸಿದ. ಮೊದಲನೆಯದಕ್ಕೆ 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಎರಡನೆಯದಕ್ಕೆ ಪಿಟ್ಯುಟರಿ ಗ್ರಂಥಿಯ ಹಿಂಭಾಗದ ಸಾರ ಗುಣಕಾರಿ ಎಂಬುದು 1913ರಲ್ಲೇ ಕಂಡುಬಂದಿತ್ತು.

ದಾಹ ಹುಟ್ಟುವ ಜಾಗ ಯಾವುದೆಂಬುದು ತಿಳಿಯಲು ಇನ್ನೂ ಕಾಯಬೇಕಾಯಿತು. 1950ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಆಡುಗಳ ಮೆದುಳಿನ ಹೈಪೊಥಲಾಮಸ್‌ಗೆ ತುಸು ಉಪ್ಪುನೀರು ಚುಚ್ಚಿದರು. ಅಷ್ಟು ಹೊತ್ತಿಗಾಗಲೇ ಸಾಕಷ್ಟು ಕುಡಿದಿದ್ದ ಆಡುಗಳೂ ಮತ್ತೆ ನೀರಿಗೆ ಬಾಯಿ ಹಾಕಿದವು. ಒಣಗಿದ ಗಂಟಲಷ್ಟೇ ದಾಹಕ್ಕೆ ಕಾರಣವಲ್ಲ, ರಕ್ತದ ಉಪ್ಪನ್ನು ಮೆದುಳೇ ಅಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ಸಿಗುವುದು ಕಷ್ಟ.

ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅದು ಮೂತ್ರಕ್ಕೆ ಇಳಿದು ನೀರನ್ನೂ ಸೆಳೆದೊಯ್ಯುತ್ತದೆ. ವ್ಯಾಸೊಪ್ರೆಸಿನ್ ಹಾರ್ಮೋನ್ ಕಡಿಮೆಯಾದರೆ, ಇಲ್ಲವೇ ಮೂತ್ರಪಿಂಡ ಅದಕ್ಕೆ ಸ್ಪಂದಿಸದಿದ್ದರೆ, ದೇಹ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಲಿಥಿಯಂ ಮಾತ್ರೆ, ರಕ್ತದಲ್ಲಿ ಹೆಚ್ಚಿದ ಕ್ಯಾಲ್ಸಿಯಂ ಕೂಡ ಹೀಗೆ ಮಾಡುತ್ತವೆ. ಇವೆಲ್ಲದರಲ್ಲೂ ದಾಹವು ದೇಹದ ರಕ್ಷಣೆ. ಕೆಲವು ಮಾನಸಿಕ ಕಾಯಿಲೆಗಳಲ್ಲಿ ಮಾತ್ರ ಕುಡಿಯುವುದೇ ಮೊದಲು. ಆಗ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯಲು ನೀರು ತಡೆದು ನೋಡುವ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ, ತೂಕ ಮತ್ತು ಸೋಡಿಯಂ ನೋಡುತ್ತಲೇ ಮಾಡಬೇಕು. ಮೂತ್ರ ಕಡಿಮೆಯಾಗಲೆಂದು ಮನೆಯಲ್ಲಿ ರೋಗಿಗೆ ನೀರು ಕೊಡದಿರುವುದು ಪ್ರಾಣಕ್ಕೇ ಅಪಾಯ.