ದುರ್ಗದ ಬಂಡೆಗಳ ಮೇಲೊಂದು ವಾಗ್ವಾದ

ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕಥೆಯಾಗಿ ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದಾಗ, ಚಿತ್ರದುರ್ಗದ ಬಂಡೆಗಳ ಮೇಲೆ ಸೆಟೆದು ನಿಂತ ವಿಷ್ಣುವರ್ಧನರ ರಾಮಾಚಾರಿಯನ್ನು ನಾಡಿನ ತರುಣರು ತಮ್ಮವನೆಂದೇ ಬರಮಾಡಿಕೊಂಡರಾದರೂ, ಅವನನ್ನು ಸೃಷ್ಟಿಸಿದ ಲೇಖಕರಿಗೆ ಮಾತ್ರ ಸಮಾಧಾನವಾಗಲಿಲ್ಲ. ನಾಗರವು ಕೇರೆಯಾಯಿತೆಂಬ ಅವರ ಕಟಕಿ ಇಂದಿಗೂ ಜನರ ಬಾಯಲ್ಲಿದೆ. ಕಾದಂಬರಿಯ ಮನೋವ್ಯಾಪಾರದ ಸೂಕ್ಷ್ಮಗಳು ಭಾವಾವೇಶದಲ್ಲಿ ಕರಗಿಹೋದುವೆಂಬ ಆಕ್ಷೇಪವು ನಿರಾಧಾರವೇನಲ್ಲ. ಆದರೆ ಒನಕೆಯನ್ನೆತ್ತಿ ಕಿಂಡಿಯ ಬಳಿ ಹೊಂಚಿ ನಿಂತ ಜಯಂತಿಯವರ ಓಬವ್ವನನ್ನೂ, ಶಿಷ್ಯನನ್ನು ಮಗನಂತೆ ಕಂಡ ಅಶ್ವತ್ಥರ ಚಾಮಯ್ಯ ಮೇಷ್ಟರನ್ನೂ ನೋಡಿದವರಿಗೆ ಆ ತಕರಾರು (ವಿದ್ವಾಂಸರು ಕ್ಷಮಿಸಬೇಕು) ತುಸು ಕೃಪಣವೆನಿಸಿದರೆ ಆಶ್ಚರ್ಯವಿಲ್ಲ. 1974ರಲ್ಲಿ ಪುಟ್ಟಣ್ಣನವರೇ ಈ ಕಥೆಯನ್ನು ‘ಜಹರೀಲಾ ಇನ್ಸಾನ್’ ಎಂದು ಹಿಂದಿಗೊಯ್ದರು. ಮೂಲವನ್ನೋದಿ ಜಗಳವಾಡುವ ಓದುಗರಿಲ್ಲದ ಆ ಸೀಮೆಯಲ್ಲಿ ಚಿತ್ರವು ನೆಲೆಯೂರಲಿಲ್ಲ.