ಶಾಹಜೋಗ್ ಹುಂಡಿಯೂ ಚೆಕ್ಕಿನ ಎರಡು ಗೆರೆಗಳೂ

ಅಂಕಲಿಯ ಸೀಮೆಯಲ್ಲಿ ಕಬ್ಬಿನ ಬಿಲ್ಲು ಬರುವ ಕಾಲಕ್ಕೆ ಚೆಕ್ಕಿನ ಮಾತು ಮನೆಮನೆಯಲ್ಲಿ ಕೇಳಿಬರುತ್ತಿತ್ತು. ಚೆಕ್ಕಿನ ಮೂಲೆಯಲ್ಲಿ ಎಳೆಯುವ ಎರಡು ಗೆರೆಗಳು ಆಂಗ್ಲರಿಂದ ಬಂದವು, ನಿಜ. ಆದರೆ ಅವುಗಳ ಹಿಂದಿನ ಎಚ್ಚರ ನಮ್ಮ ಪೇಟೆಗಳಿಗೆ ಹೊಸದಾಗಿರಲಿಲ್ಲ.

ದರ್ಶನಿ ಹುಂಡಿಗೆ ತೋರಿಸಿದೊಡನೆ ಹಣ. ಮುದ್ದತಿ ಹುಂಡಿಗೆ ಅವಧಿ ತುಂಬಿದ ಮೇಲೆ. ಶಾಹಜೋಗ್ ಹುಂಡಿಯ ಹಣವನ್ನಾದರೋ ಪೇಟೆಯಲ್ಲಿ ಹೆಸರುಳ್ಳ ಸಾಹುಕಾರನಿಗೆ ಮಾತ್ರ ಕೊಡತಕ್ಕದ್ದು. ಕದ್ದವನೂ ಅಂಥವನ ಮೂಲಕವೇ ಬರಬೇಕು! ಹುಂಡಿಯಲ್ಲಿ ಮೊತ್ತವನ್ನು ಬರೆದು, ಅದರ ಅರ್ಧ ಇಷ್ಟು, ಆ ಅರ್ಧದ ಇಮ್ಮಡಿ ಕೊಡುವುದೆಂದು ಮತ್ತೆ ಬರೆಯುತ್ತಿದ್ದರು. ನೂರನ್ನು ಸಾವಿರ ಮಾಡಹೊರಟವನು ಐವತ್ತನ್ನೂ ತಿದ್ದಬೇಕಾಗುತ್ತಿತ್ತು. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯು ದೇಶಭಾಷೆಯ ಇಂಥ ಪತ್ರಗಳ ಸ್ಥಳೀಯ ರೂಢಿಯನ್ನು ಮೊದಲ ಕಲಮಿನಲ್ಲೇ ಉಳಿಸಿಕೊಂಡಿತು.

ಬೇರರ್ ಚೆಕ್ ಹಿಡಿದು ತಂದವನಿಗೆ ಸಲ್ಲುತ್ತದೆ, ಕಳೆದರೆ ಗಂಡಾಂತರ. ಆರ್ಡರ್ ಚೆಕ್ ಹೆಸರಿದ್ದವನಿಗೆ ಅಥವಾ ಅವನು ಹಿಂಬರಹ ಮಾಡಿಕೊಟ್ಟವನಿಗೆ. ಕ್ರಾಸ್ ಮಾಡಿದ ಚೆಕ್ಕಿನ ಹಣ ಬ್ಯಾಂಕಿನ ಮೂಲಕವೇ ಸಂದಾಯ. ಇಲ್ಲಿ ಬ್ಯಾಂಕೇ ಶಾಹ. ಗೆರೆಗಳ ನಡುವೆ 'ಅಕೌಂಟ್ ಪೇಯೀ' ಎಂದಿದ್ದರೆ ಹೆಸರಿನವನ ಖಾತೆಗೇ ಜಮಾ. ಅಂಕಿಗೂ ಅಕ್ಷರಕ್ಕೂ ಭೇದ ಬಂದರೆ ಕಾಯ್ದೆ ಅಕ್ಷರವನ್ನೇ ಮನ್ನಿಸುತ್ತದೆ. ಭಾಷೆಯ ಮಾಸ್ತರನಿಗೆ ಇದಕ್ಕಿಂತ ಸಂತೋಷವೇನು?

ನನಗೆ ಕಳವಳ ತರುವುದು ಸಾಲಕ್ಕಾಗಿ ಸಹಿ ಮಾಡಿಕೊಡುವ ಖಾಲಿ ಚೆಕ್ಕು. 1989ರ ಏಪ್ರಿಲ್ 1ರಿಂದ, ಸಾಲ ತೀರಿಸಲು ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿ, ನೋಟಿಸು ತಲುಪಿದ ಮೇಲೂ 15 ದಿನಗಳೊಳಗೆ ಹಣ ಕೊಡದಿದ್ದರೆ ಅದು ಅಪರಾಧ. ಮೊತ್ತವನ್ನು ಬೇರೊಬ್ಬರು ತುಂಬಿದರೆಂಬ ಮಾತ್ರಕ್ಕೆ ಸಹಿ ಮಾಡಿದವನು ಪಾರಾಗಲಾರನೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

2021ರ ಜನವರಿ 1ರಿಂದ 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕುಗಳಿಗೆ 'ಪಾಸಿಟಿವ್ ಪೇ' ಬಂದಿದೆ: ಬರೆದವನು ದಿನಾಂಕ, ಹೆಸರು, ಮೊತ್ತಗಳನ್ನು ಬ್ಯಾಂಕಿಗೆ ಮುಂಚಿತವಾಗಿ ತಿಳಿಸುವುದು. ಹುಂಡಿ ಬರೆದ ಸಾಹುಕಾರರೂ ಪರಊರಿನ ಪೇಢಿಗೆ ಹೀಗೆಯೇ ಸೂಚನಾಪತ್ರವನ್ನು ಬೇರೆಯಾಗಿ ಕಳಿಸುತ್ತಿದ್ದರು.