ಮಂಗಳೂರು ಮುತ್ತಿಗೆಯಲ್ಲಿ ಫ್ರೆಂಚ್ ನೆರವು: 1783ರ ನಿರ್ಗಮನದ ಮರುಪರಿಶೀಲನೆ

ಎರಡನೆಯ ಮೈಸೂರು ಯುದ್ಧದ ಘಟನಾಕ್ರಮದ ಬಗ್ಗೆ ವಿವಾದವಿಲ್ಲ. 1782ರ ಡಿಸೆಂಬರ್ 7ರಂದು ಹೈದರಾಲಿ ತೀರಿಕೊಂಡ. ಮರುವರ್ಷ ಟಿಪ್ಪು ಬಿದನೂರನ್ನು ಮರಳಿ ಪಡೆದು, ಘಟ್ಟ ಇಳಿದು, ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಬ್ರಿಟಿಷ್ ಅಧಿಕಾರಿ ಕ್ಯಾಂಪ್‌ಬೆಲ್‌ನ ದಂಡು, ಹೊರಗೆ ಟಿಪ್ಪುವಿನ ಜೊತೆ ಕೊಸಿನ್ಯಿಯ ಫ್ರೆಂಚ್ ತುಕಡಿ. ಯುರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಸಂಧಿಯಾದ ಸುದ್ದಿ ಜುಲೈನಲ್ಲಿ ತಲುಪಿದೊಡನೆ ಫ್ರೆಂಚರು ಕದನದಿಂದ ಹಿಂದೆ ಸರಿದರು.

ಇದನ್ನು ವಿಶ್ವಾಸದ್ರೋಹವೆಂದೂ ಟಿಪ್ಪುವಿನ ಗೆಲುವನ್ನು ತಪ್ಪಿಸಿದ್ದು ಇದೇ ಎಂದೂ ಬರೆಯುವುದು ರೂಢಿ. ಟಿಪ್ಪುವಿನ ಕೋಪ ನ್ಯಾಯವಾದದ್ದೇ. ಆದರೆ ಕೊಸಿನ್ಯಿ ಫ್ರೆಂಚ್ ದೊರೆಯ ಅಧಿಕಾರಿ. ಅವನಿಗೆ ಆಜ್ಞೆ ಬರುತ್ತಿದ್ದುದು ಪೂರ್ವ ಕರಾವಳಿಯಲ್ಲಿದ್ದ ಫ್ರೆಂಚ್ ದಂಡನಾಯಕ ಬುಸ್ಸಿಯಿಂದ. ತುಕಡಿ ಮೈಸೂರಿನ ಪಾಳೆಯದಲ್ಲಿತ್ತು, ಅದರ ಲಗಾಮು ವರ್ಸೇಲ್ಸ್‌ನ ಕೈಯಲ್ಲಿತ್ತು.

ನಿರ್ಗಮನದಿಂದ ಮುತ್ತಿಗೆ ಸೋತಿತೇ? ಕಂಕನಾಡಿಯ ಕಡೆಯ ಒಳನಾಡೆಲ್ಲ ಟಿಪ್ಪುವಿನ ವಶದಲ್ಲಿತ್ತು. ಕೋಟೆಗೆ ಉಳಿದದ್ದು ಕಡಲ ದಾರಿಯೊಂದೇ. ನವೆಂಬರಿನಲ್ಲಿ ಬ್ರಿಟಿಷ್ ಸೇನಾನಿ ಮ್ಯಾಕ್ಲಿಯಡ್ ಹಡಗುಗಳೊಡನೆ ಬಂದದ್ದೂ ಅದೇ ದಾರಿಯಲ್ಲಿ. ಟಿಪ್ಪುವಿಗೆ ಬೇಕಾಗಿದ್ದುದು ನೌಕಾಬಲ. ಆದರೆ ಸಫ್ರೆನ್‌ನ ಫ್ರೆಂಚ್ ನೌಕಾಪಡೆ ಕಡಲೂರಿನ ಕಡಲಲ್ಲಿತ್ತು. ನನ್ನ ವಾದ ಇಷ್ಟು: ಹಿಂದೆ ಸರಿದ ಕಾಲಾಳುಗಳಿಗಿಂತ, ಎಂದೂ ಬಾರದ ಆ ಹಡಗುಗಳ ಕೊರತೆಯೇ ಹೆಚ್ಚು ನಷ್ಟ ತಂದಿತು. ಈ ಮಾತಿಗೂ ಮಿತಿಯಿದೆ. ಮಳೆಗಾಲ ಮುಗಿಯುವ ತನಕ ಪಶ್ಚಿಮ ಕರಾವಳಿಯಲ್ಲಿ ಹಡಗಿನಿಂದ ಪ್ರಯೋಜನವಿರಲಿಲ್ಲ. ಆಗಸ್ಟ್ 2ರ ಕದನವಿರಾಮ ಫ್ರೆಂಚ್ ಸಂಧಿಯ ಫಲವೇ ಆದ್ದರಿಂದ, ನಿರ್ಗಮನದ ಪರಿಣಾಮವನ್ನು ಸಂಧಿಯ ಪರಿಣಾಮದಿಂದ ಪೂರ್ತಿ ಬಿಡಿಸಿ ನೋಡುವಂತೆಯೂ ಇಲ್ಲ. ಆದರೂ ಫ್ರೆಂಚರಿಲ್ಲದೆಯೇ 1784ರ ಜನವರಿ 30ರಂದು ಕೋಟೆ ಶರಣಾಯಿತು. ಕುದುರೆಮಾಂಸ ತಿಂದು ದಿನ ದೂಡಿದ್ದ ದಂಡನ್ನು ಮಣಿಸಿದ್ದು ಹಸಿವು ಮತ್ತು ರೋಗ. ಯುದ್ಧ ಮುಗಿಸಿದ ಮಾರ್ಚ್ 11ರ ಒಪ್ಪಂದ ಇದೇ ಊರಿನಲ್ಲಿ ಆಯಿತು.

ಫ್ರೆಂಚ್ ನೆರವಿನ ಕತೆ ಮುಂದೆಯೂ ಬದಲಾಗಲಿಲ್ಲ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳನ್ನು ಹದಿನಾರನೆಯ ಲೂಯಿ ಆದರದಿಂದ ಬರಮಾಡಿಕೊಂಡರೂ ಸೈನ್ಯ ಕೊಡಲಿಲ್ಲ, ಕುಶಲಕರ್ಮಿಗಳನ್ನು ಕಳಿಸಿದ. 1798ರ ಏಪ್ರಿಲ್‌ನಲ್ಲಿ ಮಾರಿಷಸ್‌ನಿಂದ ಮಂಗಳೂರಿಗೆ ಬಂದಿಳಿದ ಫ್ರೆಂಚ್ ಸ್ವಯಂಸೇವಕರು ನೂರರ ಆಸುಪಾಸು. ಆ ಹಿಡಿಯಷ್ಟು ಜನ ಟಿಪ್ಪುವಿನ ಬಲ ಹೆಚ್ಚಿಸಲಿಲ್ಲ, ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪ ಒದಗಿಸಿದರು.

ಮೈಸೂರಿನಿಂದಲೇ ಸಂಬಳ ಪಡೆಯುತ್ತಿದ್ದ ಲಾಲಿಯ ಫ್ರೆಂಚ್ ದಳವನ್ನು ದೊರೆಯ ತುಕಡಿಯೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದು ಬೇರೆಯೇ ಪ್ರಶ್ನೆ. ಫ್ರೆಂಚ್ ದಫ್ತರಗಳನ್ನೂ ಟಿಪ್ಪುವಿನ ಪಾರಸಿ ಪತ್ರಗಳನ್ನೂ ಎದುರುಬದುರು ಇಟ್ಟು ಓದಿದರೆ ಅದನ್ನು ಬಿಡಿಸಬಹುದು.